ಕಂಪ್ಯೂಟರ್ ಆರ್ಗನ್ ನುಡಿಸಿದರೆ ಧ್ವನಿ ಯಾರದು?

ಪ್ರಶ್ನೆ: ನನ್ನ ಎಲೆಕ್ಟ್ರಾನಿಕ್ ಆರ್ಗನ್‌ನ ಹಿಂದುಗಡೆ ಮಿಡಿ ಸಾಕೆಟ್‌ಗಳಿವೆ. ಅದನ್ನು ಸೌಂಡ್ ಮಾಡ್ಯೂಲ್ (ಹೊರಗಿನ ಸೂಚನೆಗೆ ಧ್ವನಿ ಕೊಡುವ ಪೆಟ್ಟಿಗೆ) ಮಾಡಿಕೊಂಡು ಕಂಪ್ಯೂಟರ್‌ನಿಂದಲೇ ನುಡಿಸಬಹುದೇ? ಕಂಪ್ಯೂಟರ್‌ನ ಸೌಂಡ್ ಕಾರ್ಡ್ ತೀರಾ ಸಾಧಾರಣದ್ದು. ಧ್ವನಿ ಕೆಡುವುದಿಲ್ಲವೇ?

ಖಂಡಿತ ನುಡಿಸಬಹುದು. ಮಿಡಿ ಎಂದರೆ ವಾದ್ಯಗಳೂ ಕಂಪ್ಯೂಟರೂ ಪರಸ್ಪರ ಸೂಚನೆ ಕಳಿಸಿಕೊಳ್ಳುವ ಭಾಷೆ. ಆರ್ಗನ್‌ನಲ್ಲಿ ‘ಮಿಡಿ ಇನ್’ ಎಂದು ಬರೆದಿರುವ ಐದು ತೂತಿನ ದುಂಡು ಸಾಕೆಟ್ ಇರಬೇಕು, ಅಷ್ಟೇ. ‘ಔಟ್’ ಒಂದೇ ಇದ್ದರೆ ಆ ಆರ್ಗನ್ ಹೇಳಬಲ್ಲದೇ ಹೊರತು ಕೇಳಿಸಿಕೊಳ್ಳಲಾರದು. ಕಂಪ್ಯೂಟರ್‌ನ ಯುಎಸ್‌ಬಿಗೂ ಮಿಡಿ ಕೇಬಲ್‌ಗೂ ನಡುವೆ ಕೂರುವ ಯುಎಸ್‌ಬಿ-ಮಿಡಿ ಇಂಟರ್‌ಫೇಸ್‌ನ ಔಟ್ ಅನ್ನು ಆರ್ಗನ್‌ನ ಇನ್‌ಗೆ ಸಿಕ್ಕಿಸಿ, ಆರ್ಗನ್‌ನ ಔಟ್ ಅನ್ನು ಇಂಟರ್‌ಫೇಸ್‌ನ ಇನ್‌ಗೆ. ಅದಲುಬದಲಾದರೂ ಏನೂ ಸುಟ್ಟುಹೋಗುವುದಿಲ್ಲ, ಸದ್ದು ಬರುವುದಿಲ್ಲ ಅಷ್ಟೇ. ಕಿತ್ತು ತಿರುಗಿಸಿ ಹಾಕಿ.

ಇನ್ನು ಸೌಂಡ್ ಕಾರ್ಡ್ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ಇನ್ನೊಮ್ಮೆ ಹೇಳುತ್ತೇನೆ: ಮಿಡಿ ಕೇಬಲ್‌ನಲ್ಲಿ ಧ್ವನಿ ಹರಿಯುವುದಿಲ್ಲ. ಒಂದಿಷ್ಟೂ ಇಲ್ಲ. ಕಾಗದದ ಮೇಲೆ ಸ ರಿ ಗ ಮ ಬರೆದರೆ ಕಾಗದ ಹಾಡುತ್ತದೆಯೇ? ಹಾಡುವವರ ಕಂಠ ಹೇಗಿದೆಯೋ ಹಾಡು ಹಾಗೆ. ಕಂಪ್ಯೂಟರ್ ಬರೆದು ಕಳಿಸುತ್ತದೆ, ಹಾಡುವುದು ಆರ್ಗನ್.

ಆ ಬರಹ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಿ. ನಡುವಿನ ಸಿ ಕೀಲಿ ಒತ್ತಿದಾಗ ತಂತಿಯಲ್ಲಿ ಹೋಗುವುದು ಮೂರೇ ಸಂಖ್ಯೆ: 144, 60, 100. ‘ಒಂದನೇ ಚಾನೆಲ್‌ನಲ್ಲಿ ಸ್ವರ ಶುರು ಮಾಡು’ ಎನ್ನುವುದು 144. ಚಾನೆಲ್ ಎಂದರೆ ಸೂಚನೆ ವಾದ್ಯದ ಯಾವ ಭಾಗಕ್ಕೆ ಎಂದು ಹೇಳುವ ವಿಳಾಸ. ಯಾವ ಸ್ವರ ಎಂಬುದಕ್ಕೆ 60. ಎಷ್ಟು ರಭಸದಿಂದ ಒತ್ತಿದ್ದು ಎಂಬುದಕ್ಕೆ 100. ಬೆರಳೆತ್ತಿದಾಗ ಇನ್ನು ಮೂರು: 128, 60, 0. ಕೊಳಲಿನ ಇಂಪಾಗಲಿ ಗಾಳಿಯ ಸುಯ್ಲಾಗಲಿ ಈ ಆರು ಸಂಖ್ಯೆಗಳಲ್ಲಿ ಎಲ್ಲಿದೆ?

ನಂಬಿಕೆ ಬಾರದಿದ್ದರೆ ಲೆಕ್ಕ ಹಾಕಿ. ಸಿಡಿ ಗುಣಮಟ್ಟದ ಸ್ಟೀರಿಯೊ ಧ್ವನಿಗೆ ಸೆಕೆಂಡಿಗೆ 14,11,200 ಬಿಟ್ ಬೇಕು. 1983ರಲ್ಲಿ ರೂಪುಗೊಂಡ ಮಿಡಿಯ ಆ ದುಂಡು ಕೇಬಲ್ ಸಾಗಿಸುವುದು ಸೆಕೆಂಡಿಗೆ 31,250. ಸುಮಾರು 45 ಪಟ್ಟು ಕಡಿಮೆ! ಹಿಡಿಸುವುದೇ ಇಲ್ಲ. ಆದ್ದರಿಂದ ‘ಒಳ್ಳೆಯ ಕೇಬಲ್ ಹಾಕಿದರೆ ಧ್ವನಿ ಮಧುರವಾಗುತ್ತದೆ’ ಎನ್ನುವುದೂ ಸುಳ್ಳು. ಕೇಬಲ್ ಕೆಟ್ಟರೆ ಸ್ವರ ತಪ್ಪುತ್ತದೆ, ಇಲ್ಲವೇ ಬಿಡದೆ ಮೊರೆಯುತ್ತದೆ. ದನಿ ಮಾತ್ರ ಮಸುಕಾಗುವುದಿಲ್ಲ.

ಕಿವಿಯಿಂದಲೇ ಪರೀಕ್ಷಿಸಬೇಕೆನ್ನುವವರು ಹೀಗೆ ಮಾಡಿ. ಫ್ಲೂಟ್ ಸ್ಟಾಪ್ (ಆರ್ಗನ್‌ನ ದನಿ ಆರಿಸುವ ಗುಂಡಿ) ಹಾಕಿಕೊಂಡು ನಾಲ್ಕು ಸಾಲು ನುಡಿಸಿ, ಕಂಪ್ಯೂಟರ್‌ನಲ್ಲಿ ಮಿಡಿಯಾಗಿ ದಾಖಲಿಸಿ. ನುಡಿಸುವಾಗ ಸ್ಟಾಪ್ ಮುಟ್ಟಬೇಡಿ. ಆಮೇಲೆ ಆರ್ಗನ್‌ನಲ್ಲಿ ಫ್ಲೂಟ್ ತೆಗೆದು ಟ್ರಂಪೆಟ್ ಹಾಕಿ, ಅದೇ ದಾಖಲೆಯನ್ನು ಮರಳಿ ನುಡಿಸಿ. ನಿಮ್ಮದೇ ಬೆರಳುಗಳು ಈಗ ಟ್ರಂಪೆಟ್ ಊದುತ್ತವೆ. ಧ್ವನಿ ದಾಖಲಾಗಿದ್ದರೆ ಇದು ಆಗುತ್ತಿತ್ತೇ?

ಈ ತಪ್ಪು ಕಲ್ಪನೆ ಹುಟ್ಟಿದ್ದು ಎಲ್ಲಿ ಎಂಬುದೂ ಗೊತ್ತಿದೆ. ಮಿಡಿ ಫೈಲನ್ನು ನೇರವಾಗಿ ಕಂಪ್ಯೂಟರ್‌ನಲ್ಲಿ ತೆರೆದರೆ ಅದರೊಳಗಿನ ಪುಟ್ಟ ಸಿಂಥಸೈಜರ್ ಕೀರಲು ದನಿಯಲ್ಲಿ ನುಡಿಸುತ್ತದೆ. ಅದನ್ನು ಕೇಳಿ ಜನ ‘ಮಿಡಿ ಸೌಂಡ್’ ಎಂದು ಹೆಸರಿಟ್ಟರು. ಆ ದನಿ ಸಿಂಥಸೈಜರ್‌ನದು, ಮಿಡಿಯದಲ್ಲ. ಧ್ವನಿಯನ್ನೂ ಯುಎಸ್‌ಬಿಯಲ್ಲೇ ಸಾಗಿಸುವ ವಾದ್ಯಗಳಿವೆ, ನಿಜ. ಅಲ್ಲೂ ಅದು ಮಿಡಿಯ ಪಕ್ಕದಲ್ಲಿ ನಡೆಯುವ ಬೇರೆ ಕೆಲಸ.

ಹೊಂದಿಕೆ ದೊಡ್ಡ ಕಷ್ಟವೇನಲ್ಲ. ಮೇಲಿನ ಮ್ಯಾನ್ಯುಯಲ್ (ಕೈಯಿಂದ ನುಡಿಸುವ ಕೀಲಿಮಣೆ), ಕೆಳಗಿನದು, ಕಾಲಿನಿಂದ ನುಡಿಸುವ ಪೆಡಲ್ ಮೂರಕ್ಕೂ ಬೇರೆ ಬೇರೆ ಚಾನೆಲ್. ಎಲ್ಲವನ್ನೂ ಒಂದೇ ಚಾನೆಲ್‌ಗೆ ಕಳಿಸಿ ‘ಪೆಡಲ್ ನುಡಿಯುತ್ತಿಲ್ಲ’ ಎನ್ನಬೇಡಿ. ಯಾವುದಕ್ಕೆ ಯಾವ ಸಂಖ್ಯೆ ಎಂಬುದು ಕೈಪಿಡಿಯ ಕೊನೆಯ ಪುಟಗಳಲ್ಲಿ ಕೋಷ್ಟಕವಾಗಿ ಇರುತ್ತದೆ. ವಾದ್ಯಗಳಿಗೆ ಸಂಖ್ಯೆ ಗೊತ್ತುಮಾಡುವ ‘ಜನರಲ್ ಮಿಡಿ’ ಎಂಬ ಒಪ್ಪಂದದ 128 ವಾದ್ಯಗಳ ಪಟ್ಟಿಯಲ್ಲಿ 20ನೆಯದು ಚರ್ಚ್ ಆರ್ಗನ್. ಆದರೆ ನಿಮ್ಮ ಆರ್ಗನ್ ಆ ಪಟ್ಟಿಯನ್ನು ಪಾಲಿಸಲೇಬೇಕೆಂದಿಲ್ಲ. 20 ಕಳಿಸಿದರೆ ಬೇರೇನೋ ಬರಬಹುದು. ಕೀಲಿ ಒತ್ತಿದಾಗ ಸ್ವರ ಜೋಡಿಯಾಗಿ ಕೇಳಿದರೆ, ಆರ್ಗನ್‌ನ ಕೀಲಿಗಳನ್ನು ಅದರದೇ ದನಿಗೆ ನೇರವಾಗಿ ಜೋಡಿಸುವ ‘ಲೋಕಲ್ ಕಂಟ್ರೋಲ್’ ಆಫ್ ಮಾಡಿ.

ಯಾರೂ ಕೇಳದಿದ್ದರೂ ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ. ಪಿಯಾನೊಗೆಂದು ಮಾಡಿದ ಫೈಲ್ ಆರ್ಗನ್‌ನಲ್ಲಿ ಅಷ್ಟೊಂದು ರಾಡಿಯಾಗಿ ಕೇಳುವುದೇಕೆ? ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಆರ್ಗನ್ ಸ್ವರ ‘ನಿಲ್ಲಿಸು’ ಎನ್ನುವವರೆಗೂ ಅದೇ ಬಲದಲ್ಲಿ ನಿಂತಿರುತ್ತದೆ. ಬೆರಳೆತ್ತಿದ ಮೇಲೂ ಸ್ವರವನ್ನು ಹಿಡಿದಿಡುವ, ಪಿಯಾನೊದಲ್ಲಿ ಇಂಪಾಗಿ ಬೆರೆಯುವ ಸಸ್ಟೇನ್ ಪೆಡಲ್‌ನ ಸಂದೇಶಗಳು ಇಲ್ಲಿ ಸ್ವರಗಳನ್ನು ರಾಶಿ ಹಾಕುತ್ತವೆ. ಫೈಲ್‌ನಲ್ಲಿ 64ನೇ ಕಂಟ್ರೋಲರ್ ಎಂದು ಕಾಣುವುದು ಅದೇ, ಆ ಸಂದೇಶಗಳನ್ನೆಲ್ಲ ಅಳಿಸಿಬಿಡಿ. ರಭಸದ ಸಂಖ್ಯೆಯೂ ಎಷ್ಟೋ ಆರ್ಗನ್‌ಗಳಲ್ಲಿ ಲೆಕ್ಕಕ್ಕೇ ಇಲ್ಲ. 30 ಕಳಿಸಿದರೂ 100 ಕಳಿಸಿದರೂ ಅದೇ ಗಟ್ಟಿ.

ಹಾಗಾದರೆ ಒತ್ತು ಕೊಡುವುದು ಹೇಗೆ? ಮೌನದಿಂದ. ಆರ್ಗನ್ ವಾದಕರು ಬೆರಳನ್ನು ಎಷ್ಟು ಬೇಗ ಎತ್ತಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಇದಕ್ಕಾಗಿಯೇ. ಆರ್ಗನ್ನಿನ ಜೀವ ಇರುವುದು ಇಲ್ಲೇ, ಹಾಗಾಗಿ ದಯವಿಟ್ಟು ಇದನ್ನು ಒಮ್ಮೆ ಮಾಡಿ ನೋಡಿ. ಕಂಪ್ಯೂಟರ್‌ನಲ್ಲಿ ಒಂದು ಬಡಿತಕ್ಕೆ 480 ಟಿಕ್ (ಕಾಲದ ಪುಟ್ಟ ಅಳತೆ) ಇಟ್ಟುಕೊಂಡು ಒಂದೇ ಸ್ವರವನ್ನು ಬಡಿತಕ್ಕೊಂದರಂತೆ ನಾಲ್ಕು ಬಾರಿ ಬರೆಯಿರಿ, ಒಂದೊಂದೂ ಪೂರ್ತಿ 480 ಟಿಕ್ ಉದ್ದ. ನಾಲ್ಕೂ ಹೆಚ್ಚುಕಡಿಮೆ ಒಂದೇ ಉದ್ದನೆಯ ಮೊರೆತವಾಗಿ ಕೇಳುತ್ತವೆ. ಈಗ ಪ್ರತಿಯೊಂದನ್ನೂ 400ಕ್ಕೆ ಮೊಟಕು ಮಾಡಿ. ನಿಮಿಷಕ್ಕೆ 120 ಬಡಿತದ ನಡೆಯಲ್ಲಿ ಸ್ವರಗಳ ನಡುವೆ ಸುಮಾರು 83 ಮಿಲಿಸೆಕೆಂಡ್ ಬಿಡುವು ಸಿಗುತ್ತದೆ, ನಾಲ್ಕೂ ಬಿಡಿಬಿಡಿಯಾಗುತ್ತವೆ. ಕೊನೆಗೆ ಎರಡನೆಯದನ್ನು ಮಾತ್ರ 320ಕ್ಕೆ ಇಳಿಸಿ. ಮೂರನೆಯದರ ಮೇಲೆ ಯಾರೋ ಬೆರಳು ಒತ್ತಿ ಹೇಳಿದಂತೆ ಕೇಳುತ್ತದೆ. ಅದರ ಸಂಖ್ಯೆಗಳಲ್ಲಿ ನೀವು ಒಂದನ್ನೂ ಬದಲಿಸಿಲ್ಲ.