ಇನ್ಸುಲಿನ್ ಕೆಲಸಕ್ಕೆ ಇಳಿಯುವುದು ಎಲ್ಲಿ?

ಮೇದೋಜೀರಕ ಗ್ರಂಥಿಯಿಂದ ಹೊರಬಂದ ಮೇಲೆ ಇನ್ಸುಲಿನ್ ಸಕ್ರಿಯವಾಗುತ್ತದೆ ಎಂದು ಸಕ್ಕರೆ ಕಾಯಿಲೆಯ ಕುರಿತ ಬರಹಗಳಲ್ಲಿ ಓದುತ್ತೇವೆ. ಅದು ಹೇಗೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದೊಡ್ಡ ಅಣುವೊಂದು ಕತ್ತರಿಸಿಕೊಂಡು ಇನ್ಸುಲಿನ್ ಆಗುತ್ತದೆ ಎನ್ನುವವರಿದ್ದಾರೆ, ಆರು ಅಣುಗಳ ಗುಂಪು ಬಿಡಿಬಿಡಿಯಾಗುತ್ತದೆ ಎನ್ನುವವರಿದ್ದಾರೆ, ಜೀವಕೋಶದ ಮೇಲೆ ಇನ್ಸುಲಿನ್ನನ್ನು ಹಿಡಿಯುವ ಗ್ರಾಹಕಕ್ಕೆ ಅಂಟುವಾಗ ಅಣುವಿನ ಆಕಾರವೇ ಬದಲಾಗುತ್ತದೆ ಎನ್ನುವವರೂ ಇದ್ದಾರೆ. ಮೂರೂ ನಿಜ. ಆದರೆ ಮೂರೂ ನಡೆಯುವ ಜಾಗ ಬೇರೆ, ನಮಗೆ ಗೊತ್ತಾದ ಕಾಲವೂ ಬೇರೆ. ಇವನ್ನು ಒಟ್ಟಿಗೆ ಕಲಸಿ ಹೇಳುವುದರಿಂದ ನಷ್ಟವಾಗುವುದು ದಿನವೂ ಚುಚ್ಚಿಕೊಳ್ಳುವ ರೋಗಿಗೆ.

1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಅವರು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರೆ ಮಧುಮೇಹ ಬರುತ್ತದೆಂದು ತೋರಿಸಿದರು. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಮಧುಮೇಹವಿದ್ದ 14 ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಕೊಟ್ಟ ಗ್ರಂಥಿಸಾರದ ಮೊದಲ ಚುಚ್ಚುಮದ್ದು ಹೆಚ್ಚೇನೂ ಫಲ ಕೊಡದೆ, ಜೀವರಸಾಯನಶಾಸ್ತ್ರಜ್ಞ ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಅದೇ ತಿಂಗಳ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು. 1955ರ ಹೊತ್ತಿಗೆ ಫ್ರೆಡೆರಿಕ್ ಸ್ಯಾಂಗರ್ ಇನ್ಸುಲಿನ್ನಿನ 51 ಅಮೈನೊ ಆಮ್ಲಗಳ ಸಾಲನ್ನೂ ಅವುಗಳ ನಡುವಿನ ಗಂಧಕದ ಸೇತುವೆಗಳನ್ನೂ ಗುರುತಿಸಿದ್ದರು: 21ರ ಎ ಸರಪಳಿ, 30ರ ಬಿ ಸರಪಳಿ.

ಈ ಎರಡು ಸರಪಳಿಗಳು ಜೀವಕೋಶದೊಳಗೆ ತಪ್ಪಿಲ್ಲದೆ ಕೂಡಿಕೊಳ್ಳುವುದು ಹೇಗೆ ಎಂಬುದು ಆಗ ದೊಡ್ಡ ಒಗಟಾಗಿತ್ತು. 1967ರಲ್ಲಿ ಶಿಕಾಗೋದ ಡೊನಾಲ್ಡ್ ಸ್ಟೈನರ್ ಅವರು, ಇನ್ಸುಲಿನ್ ತಯಾರಿಸುವ ಗಡ್ಡೆಯೊಂದರ ಅಂಗಾಂಶಕ್ಕೆ ವಿಕಿರಣಶೀಲ ಅಮೈನೊ ಆಮ್ಲ ಉಣಿಸಿ ನೋಡಿದಾಗ, ಮೊದಲು ತಯಾರಾಗುವುದು ಎರಡು ಸರಪಳಿಗಳಲ್ಲ, ಉದ್ದನೆಯ ಒಂದೇ ಸರಪಳಿ ಎಂದು ತಿಳಿಯಿತು. ಅದೇ ಪ್ರೊಇನ್ಸುಲಿನ್. ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಸಣ್ಣ ಚೀಲಗಳೊಳಗೆ ಕಿಣ್ವಗಳು ನಡುವಿನ ತುಂಡನ್ನು ಕತ್ತರಿಸಿ ತೆಗೆಯುತ್ತವೆ. ಸಿ-ಪೆಪ್ಟೈಡ್ ಎನ್ನುವ ಆ ತುಂಡು, ಇನ್ಸುಲಿನ್ ಹೊರಬರುವಾಗ ಅದರ ಜೊತೆಗೆ ಸಮಸಂಖ್ಯೆಯಲ್ಲಿ ರಕ್ತಕ್ಕೆ ಬರುತ್ತದೆ. ಹೊರಗಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಲ್ಲಿ ಸ್ವಂತ ಗ್ರಂಥಿ ಇನ್ನೂ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ವೈದ್ಯರು ಸಿ-ಪೆಪ್ಟೈಡ್ ಪರೀಕ್ಷೆ ಬರೆಯುವುದು ಇದೇ ಕಾರಣಕ್ಕೆ. ಅಂದರೆ ಕತ್ತರಿಸುವ ಕೆಲಸ ಬಹುತೇಕ ಬಿಡುಗಡೆಗೆ ಮೊದಲೇ ಮುಗಿದಿರುತ್ತದೆ. ಗ್ರಂಥಿಯಿಂದ ಹೊರಬರುವ ಇನ್ಸುಲಿನ್ ರಾಸಾಯನಿಕವಾಗಿ ಪೂರ್ಣವಾದದ್ದು. ರಕ್ತದಲ್ಲಿ ಅದನ್ನು ಯಾವ ಕಿಣ್ವವೂ ಎಬ್ಬಿಸಬೇಕಾಗಿಲ್ಲ.

ಹೊರಬಂದ ಮೇಲೆ ನಡೆಯುವುದು ಬೇರೊಂದು ಸಂಗತಿ, ಮತ್ತು ಅದರ ಸುಳಿವು ಸಿಕ್ಕಿದ್ದು ಸತುವಿನಿಂದ. 1926ರಲ್ಲಿ ಜಾನ್ ಏಬೆಲ್ ಇನ್ಸುಲಿನ್ನಿನ ಸ್ಫಟಿಕಗಳನ್ನು ಪಡೆದರು. ಸ್ಫಟಿಕ ಕಟ್ಟಲು ಸತುವಿನಂಥ ಲೋಹ ಬೇಕು ಎಂದು 1934ರಲ್ಲಿ ಟೊರಾಂಟೊದ ಡಿ. ಎ. ಸ್ಕಾಟ್ ತೋರಿಸಿದರು. ಅದರ ಮರುವರ್ಷ ಡೊರೊತಿ ಹಾಡ್ಜ್‌ಕಿನ್ ಆ ಸ್ಫಟಿಕದ ಮೇಲೆ ಕ್ಷ-ಕಿರಣ ಹಾಯಿಸಿ ಮೊದಲ ಚಿತ್ರ ತೆಗೆದರು. ರಚನೆಯನ್ನು ಪೂರ್ತಿ ಬಿಡಿಸಲು ಅವರಿಗೆ 1969ರ ತನಕ ಬೇಕಾಯಿತು. ಆಕ್ಸ್‌ಫರ್ಡ್‌ನ ಆ ತಂಡದಲ್ಲಿ ಎಂ. ವಿಜಯನ್ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮುಗಿಸಿ ಅಲ್ಲಿಗೆ ಹೋದ ಅವರು, ಮರಳಿ ಬೆಂಗಳೂರಿಗೇ ಬಂದು ಪ್ರೋಟೀನ್ ಸ್ಫಟಿಕಶಾಸ್ತ್ರವನ್ನು ಈ ದೇಶದಲ್ಲಿ ಕಟ್ಟಿ ಬೆಳೆಸಿದರು. ಇನ್ಸುಲಿನ್ ಕಥೆಯಲ್ಲಿ ನಮ್ಮ ಊರಿಗೂ ಒಂದು ಪಾಲಿದೆ ಎಂಬುದನ್ನು ನಮ್ಮಲ್ಲಿ ಸಾಕಷ್ಟು ಜನ ಗುರುತಿಸಿಲ್ಲ.

ಆ ರಚನೆಯಲ್ಲಿ ಕಂಡದ್ದು ಒಂಟಿ ಅಣುವಲ್ಲ, ಎರಡು ಸತುವಿನ ಅಯಾನುಗಳ ಸುತ್ತ ಕೂಡಿದ ಆರು ಇನ್ಸುಲಿನ್ ಅಣುಗಳ ಗುಂಪು. ಮೊದಲು ಎರಡೆರಡು ಅಣುಗಳು ಜೋಡಿಯಾಗಿ, ಅಂಥ ಮೂರು ಜೋಡಿಗಳು ಸೇರಿ ಹೆಕ್ಸಾಮರ್ ಆಗುತ್ತದೆ. ಬಿ ಸರಪಳಿಯ ಹತ್ತನೆಯ ಸ್ಥಾನದ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಸತುವನ್ನು ಹಿಡಿದಿರುತ್ತದೆ. ಒಂದೊಂದು ಸತುವಿಗೆ ಮೂರು ಮೂರು ಹಿಸ್ಟಿಡಿನ್‌ಗಳು. ಬೀಟಾ ಕೋಶದ ಚೀಲದಲ್ಲಿ ಸತು ಧಾರಾಳವಾಗಿರುತ್ತದೆ, ಪಿಎಚ್ ಸುಮಾರು 5.5ರಷ್ಟಿದ್ದು ಆಮ್ಲೀಯವಾಗಿರುತ್ತದೆ. ಈ ಸ್ಥಿತಿಯಲ್ಲಿ ಹೆಕ್ಸಾಮರ್‌ಗಳು ಸಾಲಾಗಿ ಕೂಡಿ ಹರಳುಗಟ್ಟುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೀಟಾ ಕೋಶವನ್ನು ನೋಡಿದರೆ ಒಂದೊಂದು ಚೀಲದ ನಡುವೆಯೂ ಕಪ್ಪು ತಿರುಳು, ಅದರ ಸುತ್ತ ಮಸುಕಾದ ಬಳೆ ಕಾಣುತ್ತದೆ. ಆ ಕಪ್ಪು ತಿರುಳೇ ಹರಳುಗಟ್ಟಿದ ಇನ್ಸುಲಿನ್. ಬಿತ್ತನೆಯ ಕಾಲದವರೆಗೆ ಕಾಳನ್ನು ಕಣಜದಲ್ಲಿ ಒತ್ತಾಗಿ ತುಂಬಿಡುವಂತೆ, ಇದು ಕಡಿಮೆ ಜಾಗದಲ್ಲಿ ಹೆಚ್ಚು ಹಾರ್ಮೋನನ್ನು ಕೆಡದಂತೆ ಇಡುವ ವ್ಯವಸ್ಥೆ.

ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಚೀಲಗಳು ಕೋಶದ ಹೊರಪೊರೆಗೆ ಬೆಸೆದುಕೊಂಡು ತೆರೆಯುತ್ತವೆ. ಹೊರಗಿನ ಪಿಎಚ್ 7.4. ಹರಳು ಕರಗುತ್ತದೆ, ಸತು ಚದುರಿಹೋಗುತ್ತದೆ, ಇನ್ಸುಲಿನ್ನಿನ ಸಾಂದ್ರತೆ ಹಲವು ಲಕ್ಷ ಪಟ್ಟು ಕುಸಿಯುತ್ತದೆ. ಗುಂಪು ಉಳಿಯಲು ಬೇಕಾದ ಯಾವ ಕಾರಣವೂ ಉಳಿಯದಿರುವುದರಿಂದ ಆರು ಎರಡಾಗಿ, ಎರಡು ಒಂದಾಗಿ ಬಿಡಿಸಿಕೊಳ್ಳುತ್ತವೆ. ಗ್ರಾಹಕಕ್ಕೆ ಅಂಟಬಲ್ಲದ್ದು ಈ ಒಂಟಿ ಅಣುವೇ. ಗುಂಪಿನಲ್ಲಿದ್ದಾಗ ಅಂಟಬೇಕಾದ ಮುಖದ ದೊಡ್ಡ ಭಾಗ ಮುಚ್ಚಿಕೊಂಡಿರುತ್ತದೆ. ಗಿನಿಯಿಲಿಯಲ್ಲಿ ಆ ಹತ್ತನೆಯ ಹಿಸ್ಟಿಡಿನ್ ಇಲ್ಲ, ಅದರ ಇನ್ಸುಲಿನ್ ಸತುವನ್ನು ಹಿಡಿಯುವುದಿಲ್ಲ, ಹೆಕ್ಸಾಮರ್ ಕಟ್ಟುವುದೂ ಇಲ್ಲ. ಆದರೂ ಆ ಪ್ರಾಣಿ ಮಧುಮೇಹವಿಲ್ಲದೆ ಬದುಕುತ್ತದೆ. ಹೆಕ್ಸಾಮರ್ ಇರುವುದು ಸಂಗ್ರಹಕ್ಕೆ, ಕೆಲಸಕ್ಕಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಆದರೆ ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು ಸ್ಫಟಿಕವಾದ್ದರಿಂದ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಅದೇ ಇನ್ಸುಲಿನ್ನಿನ ರೂಪವಾಗಿ ನೆಲೆಯೂರಿತು.

ಗ್ರಂಥಿಯಲ್ಲಿ ಕ್ಷಣಗಳಲ್ಲಿ ಮುಗಿಯುವ ಈ ಬಿಡಿಬಿಡಿಯಾಗುವಿಕೆ, ಚುಚ್ಚುಮದ್ದಿನಲ್ಲಿ ಗಂಟೆಗಳ ವಿಷಯವಾಗುತ್ತದೆ. 1936ರಲ್ಲಿ ಡೆನ್ಮಾರ್ಕ್‌ನ ಹೇಗೆಡಾರ್ನ್ ಇನ್ಸುಲಿನ್ನಿಗೆ ಪ್ರೋಟಮೀನ್ ಎಂಬ ಪ್ರೋಟೀನ್ ಸೇರಿಸಿದರು, 1946ರಲ್ಲಿ ಪ್ರೋಟಮೀನ್ ಜೊತೆ ಹರಳುಗಟ್ಟಿಸಿದ ಎನ್‌ಪಿಎಚ್ ಬಂತು. ಆ ಕಾಲದ ಶ್ರಮವೆಲ್ಲ ಇನ್ಸುಲಿನ್ನನ್ನು ನಿಧಾನಗೊಳಿಸುವುದಕ್ಕೆ ಮೀಸಲಾಗಿತ್ತು, ಅದಕ್ಕೆ ಕಾರಣವೂ ಇತ್ತು: ದಿನಕ್ಕೆ ಹಲವು ಬಾರಿ ಚುಚ್ಚಿಕೊಳ್ಳುವುದು ಯಾರಿಗೂ ಸುಲಭವಲ್ಲ. ನಮ್ಮಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ 30/70 ಮಿಶ್ರಣದ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದಾಗ ಹಾಲಿನಂತೆ ಕಾಣುವುದು ಇದೇ ಎನ್‌ಪಿಎಚ್ ಹರಳುಗಳಿಂದ. ಅದರಲ್ಲಿರುವ 30 ಭಾಗ ರೆಗ್ಯುಲರ್, ಅಂದರೆ ನಿಧಾನಗೊಳಿಸದ ಸಾದಾ ಇನ್ಸುಲಿನ್ ತಿಳಿಯಾಗಿ ಕರಗಿದ್ದರೂ ಹೆಕ್ಸಾಮರ್ ರೂಪದಲ್ಲೇ ಇರುತ್ತದೆ. ಚರ್ಮದಡಿಯ ಕೊಬ್ಬಿನಲ್ಲಿ ಅದು ತೆಳುವಾಗಿ ಬಿಡಿಬಿಡಿಯಾಗುವವರೆಗೆ ಲೋಮನಾಳಗಳ ಗೋಡೆ ದಾಟುವುದು ನಿಧಾನ. ಆದ್ದರಿಂದಲೇ ಅದರ ಕೆಲಸ ಶುರುವಾಗಲು ಸುಮಾರು ಅರ್ಧ ಗಂಟೆ, ಪೂರ್ಣ ಬಲಕ್ಕೆ ಬರಲು ಎರಡರಿಂದ ನಾಲ್ಕು ಗಂಟೆ ಬೇಕಾಗುತ್ತದೆ.

ಊಟಕ್ಕೆ ಅರ್ಧ ಗಂಟೆ ಮೊದಲು ಎಂಬ ಸೂಚನೆಯ ಹಿಂದಿರುವುದು ಇಷ್ಟೇ. ಚುಚ್ಚಿಕೊಂಡು ತಕ್ಷಣ ತಟ್ಟೆಯ ಮುಂದೆ ಕುಳಿತರೆ ಮುದ್ದೆ ಅಥವಾ ಅನ್ನದ ಸಕ್ಕರೆ ಮೊದಲು ಏರುತ್ತದೆ, ಇನ್ಸುಲಿನ್ ತಡವಾಗಿ ಬರುತ್ತದೆ, ಅದು ಬಲಕ್ಕೆ ಬರುವ ಹೊತ್ತಿಗೆ ಹೊಟ್ಟೆ ಖಾಲಿಯಾಗಿ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಈ ಕಾರಣ ಹೇಳಲು ಸಮಯ ಸಿಗುವುದು ಅಪರೂಪ. ಚೀಟಿಯಲ್ಲಿ ಸೂಚನೆ ಮಾತ್ರ ಉಳಿಯುತ್ತದೆ, ಕಾರಣ ತಿಳಿಯದ ಸೂಚನೆ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ. ಎರಡು ನಿಮಿಷ ತೆಗೆದುಕೊಂಡು ಕನ್ನಡದಲ್ಲಿ ವಿವರಿಸಿದರೆ ತಪ್ಪಿಸಬಹುದಾದ ತೊಂದರೆಯಿದು.

ಗುಂಪು ಕಟ್ಟದ ಇನ್ಸುಲಿನ್ನನ್ನೇ ತಯಾರಿಸಬಹುದೇ ಎಂದು 1980ರ ದಶಕದಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಕೇಳಿಕೊಂಡರು. ಹತ್ತನೆಯ ಹಿಸ್ಟಿಡಿನ್ ಬದಲಿಗೆ ಆಸ್ಪಾರ್ಟಿಕ್ ಆಮ್ಲ ಇಟ್ಟ ರೂಪ ವೇಗವಾಗಿ ಕೆಲಸ ಮಾಡಿದರೂ ಗ್ರಾಹಕವನ್ನು ಅತಿಯಾಗಿ ಹಿಡಿದುಕೊಂಡಿತು. ಇಲಿಗಳಲ್ಲಿ ಸ್ತನದ ಗಡ್ಡೆಗಳು ಕಂಡದ್ದರಿಂದ ಅದನ್ನು ಕೈಬಿಡಲಾಯಿತು. ಬಿ ಸರಪಳಿಯ 28 ಮತ್ತು 29ನೆಯ ಅಮೈನೊ ಆಮ್ಲಗಳನ್ನು ಅದಲುಬದಲು ಮಾಡಿದ ಲಿಸ್‌ಪ್ರೊ 1996ರಲ್ಲಿ ಮಾರುಕಟ್ಟೆಗೆ ಬಂತು. ಬಾಟಲಿಯಲ್ಲಿ ಗುಂಪಾಗಿದ್ದರೂ ಚರ್ಮದಡಿ ಬೇಗ ಬಿಡಿಸಿಕೊಳ್ಳುವ ಅದು ಕಾಲು ಗಂಟೆಯೊಳಗೆ ಕೆಲಸ ಶುರುಮಾಡುತ್ತದೆ. ಬೆಲೆ ಮಾತ್ರ ರೆಗ್ಯುಲರ್‌ಗಿಂತ ಹೆಚ್ಚು.

ಮೂರನೆಯ ಹಂತ ತಿಳಿದದ್ದು ತೀರ ಈಚೆಗೆ. ಒಂಟಿ ಅಣು ಗ್ರಾಹಕದ ಬಳಿ ಬಂದಾಗ ಬಿ ಸರಪಳಿಯ ತುದಿ ತೆರೆದುಕೊಂಡು, ಒಳಗೆ ಅಡಗಿದ್ದ ಭಾಗ ಗ್ರಾಹಕಕ್ಕೆ ತಾಗುತ್ತದೆ ಎಂಬ ಅನುಮಾನ ಹಳೆಯದು. 2013ರಲ್ಲಿ ಮೆಲ್ಬರ್ನ್‌ನ ಮೈಕೆಲ್ ಲಾರೆನ್ಸ್ ಮತ್ತು ಸಂಗಡಿಗರು ಗ್ರಾಹಕದ ತುಣುಕುಗಳಿಗೆ ಅಂಟಿದ ಇನ್ಸುಲಿನ್ನಿನ ರಚನೆಯನ್ನು ತೋರಿಸಿ ಅದನ್ನು ಖಚಿತಪಡಿಸಿದರು.

ಇಷ್ಟೆಲ್ಲ ತಿಳಿದ ಮೇಲೂ ಒಂದು ವ್ಯತ್ಯಾಸ ಹಾಗೇ ಉಳಿದಿದೆ. ಗ್ರಂಥಿಯಿಂದ ಹೊರಟ ಇನ್ಸುಲಿನ್ ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗುತ್ತದೆ, ಅಲ್ಲಿಯೇ ಸುಮಾರು ಅರ್ಧದಷ್ಟು ಬಳಕೆಯಾಗಿ ಉಳಿದದ್ದು ದೇಹದ ಬೇರೆಡೆಗೆ ಸಾಗುತ್ತದೆ. ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಚುಚ್ಚಿದ್ದು, ಎಷ್ಟು ಬೇಗ ಬಿಡಿಬಿಡಿಯಾದರೂ, ಮೊದಲು ಇಡೀ ದೇಹವನ್ನು ಸುತ್ತುತ್ತದೆ. ಪಿತ್ತಜನಕಾಂಗಕ್ಕೆ ಸಿಗಬೇಕಾದಷ್ಟು ಸಿಗುವುದಿಲ್ಲ, ಸ್ನಾಯು ಮತ್ತು ಕೊಬ್ಬಿಗೆ ಬೇಕಾದದ್ದಕ್ಕಿಂತ ಹೆಚ್ಚು ಸಿಗುತ್ತದೆ. ಅಣುವಿನ ವೇಗವನ್ನು ತಿದ್ದಿದ ಯಾವ ಹೊಸ ಇನ್ಸುಲಿನ್ನೂ ಈ ದಾರಿಯನ್ನು ಬದಲಿಸಿಲ್ಲ.