ಪವರ್ ಬ್ಯಾಲಡ್: ಎದೆಯಾಳದ ಹಾಡೋ, ಬರೀ ಅಬ್ಬರವೋ?

ಮೆಲ್ಲಗೆ ಪಿಯಾನೊ ಶುರುವಾಗುತ್ತದೆ. ಪಿಸುಮಾತಿನಂಥ ಒಂದು ಚರಣ ಬರುತ್ತದೆ. ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಡ್ರಮ್ಸ್ ಸಿಡಿದು, ಗಿಟಾರುಗಳು ಮೊರೆದು, ಈಗಷ್ಟೇ ಪಿಸುಗುಡುತ್ತಿದ್ದ ಗಾಯಕ ಗಂಟಲು ಹರಿಯುವಂತೆ ಕೂಗುತ್ತಿರುತ್ತಾನೆ. ರಾಕ್ ಸಂಗೀತದ ಪವರ್ ಬ್ಯಾಲಡ್ ಎಂದರೆ ಹೆಚ್ಚುಕಮ್ಮಿ ಇಷ್ಟೇ. ಇದಕ್ಕೆ ಕಣ್ಣೊರೆಸಿಕೊಳ್ಳಬೇಕೋ ಕಿಸಕ್ಕನೆ ನಗಬೇಕೋ ಎಂಬ ಜಗಳಕ್ಕೆ ಅರ್ಧ ಶತಮಾನದ ವಯಸ್ಸಾಗಿದೆ.

ಜಗಳ ಬಗೆಹರಿಯದೇ ಇರುವುದಕ್ಕೆ ಕಾರಣವಿದೆ. ಅದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಗಂಟುಬಿದ್ದಿವೆ. ಹಾಡಿದವರಿಗೆ ಆ ನೋವು ನಿಜಕ್ಕೂ ಇತ್ತೇ? ಕೇಳಿದವರು ಕರಗಿದರೇ? ಅಷ್ಟು ದೊಡ್ಡ ಅಬ್ಬರವನ್ನು ಹೊರುವ ಶಕ್ತಿ ಆ ಹಾಡಿನ ಕಟ್ಟಡಕ್ಕೆ ಇದೆಯೇ? ಮೊದಲನೆಯದನ್ನು ಹೊರಗಿನವರು ಪರೀಕ್ಷಿಸಲಾರರು. ಎರಡನೆಯದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಪರೀಕ್ಷೆಗೆ ಸಿಗುವುದು ಮೂರನೆಯದು ಮಾತ್ರ, ಆದರೆ ಅದರ ಬಗ್ಗೆಯೇ ಮಾತು ಕಡಿಮೆ.

ಆರಂಭದ ಕಥೆ ಚುಟುಕು. ಬ್ಯಾಡ್‌ಫಿಂಗರ್ ತಂಡ 1970ರಲ್ಲಿ ಹೊರತಂದ ‘ವಿದೌಟ್ ಯೂ’ವನ್ನು ಮರುವರ್ಷ ಹ್ಯಾರಿ ನಿಲ್ಸನ್ ಪಿಯಾನೊ ಜತೆ ಹಾಡಿದರು. ಪಲ್ಲವಿ ಮರಳಿ ಬಂದಾಗ ಕಂಠವನ್ನು ಮೇಲಿನ ಸ್ಥಾಯಿಗೆ ಎತ್ತಿದರು. 1972ರಲ್ಲಿ ಅದು ಅಮೆರಿಕದ ಹಾಡುಪಟ್ಟಿಯ ತುದಿಗೇರಿತು. ಅದೇ ವರ್ಷ ಕಾರ್ಪೆಂಟರ್ಸ್ ಜೋಡಿಯ ‘ಗುಡ್‌ಬೈ ಟು ಲವ್’ ಹಾಡಿಗೆ ಟೋನಿ ಪೆಲೂಸೊ ಫಝ್ (ಸದ್ದನ್ನು ಒರಟಾಗಿಸುವ ಸಾಧನ) ಹಚ್ಚಿದ ಗಿಟಾರಿನಲ್ಲಿ ಸೋಲೊ ನುಡಿಸಿದರು. ಇಷ್ಟು ನಯವಾದ ಹಾಡಿನಲ್ಲಿ ಈ ಗದ್ದಲವೇಕೆ ಎಂದು ಸಿಟ್ಟಾದ ಅಭಿಮಾನಿಗಳು ಪತ್ರ ಬರೆದರು. ಅಂದರೆ ಮೊದಲ ತಕರಾರು ಎದ್ದದ್ದು ರಾಕ್ ಅಂಗಳದಲ್ಲಲ್ಲ, ಮೆಲುಹಾಡಿನ ಮನೆಯೊಳಗೆ. ಏರೋಸ್ಮಿತ್‌ನ ‘ಡ್ರೀಮ್ ಆನ್’ 1973ರಲ್ಲಿ ಬಂದು, ಮತ್ತೆ ಬಿಡುಗಡೆಯಾಗಿ, 1976ರಲ್ಲಿ ಆರನೇ ಸ್ಥಾನ ತಲುಪಿತು. 1981ರ ಮಾರ್ಚ್‌ನಲ್ಲಿ ಆರ್‌ಇಒ ಸ್ಪೀಡ್‌ವ್ಯಾಗನ್ ತಂಡದ ‘ಕೀಪ್ ಆನ್ ಲವಿಂಗ್ ಯೂ’ ಮೊದಲ ಸ್ಥಾನಕ್ಕೇರಿತು. ಮರುವರ್ಷ ಜರ್ನಿ ತಂಡದ ‘ಓಪನ್ ಆರ್ಮ್ಸ್’ ಆರು ವಾರ ಎರಡನೇ ಸ್ಥಾನದಲ್ಲಿ ಕೂತಿತು. ಅಷ್ಟರಲ್ಲಿ ಅಚ್ಚು ಸಿದ್ಧವಾಗಿತ್ತು.

ಜಿಮ್ ಸ್ಟೈನ್‌ಮನ್ ಅವರದು ಬೇರೆಯೇ ದಾರಿ. ಮೀಟ್ ಲೋಫ್‌ಗಾಗಿ ಅವರು ಬರೆದ 1977ರ ‘ಬ್ಯಾಟ್ ಔಟ್ ಆಫ್ ಹೆಲ್’ ಆಗಲಿ, ಬಾನಿ ಟೈಲರ್‌ಗಾಗಿ ಬರೆದು ನಿರ್ಮಿಸಿದ 1983ರ ‘ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್’ ಆಗಲಿ ಅತಿರೇಕವನ್ನು ಮುಚ್ಚಿಡುವುದೇ ಇಲ್ಲ. ತಮ್ಮದು ಅಪೆರಾ (ಗೀತನಾಟಕ) ರಚಿಸಿದ ಜರ್ಮನ್ ಸಂಗೀತಕಾರ ವಾಗ್ನರ್ ಮಾದರಿಯ ರಾಕ್ ಎಂದು ಅವರೇ ಹೇಳಿಕೊಂಡಿದ್ದರು. ಅಪೆರಾದ ನಾಯಕಿ ಸಾಯುವ ಮುನ್ನ ಹತ್ತು ನಿಮಿಷ ಹಾಡಿದರೆ ಸುಳ್ಳು ಎನ್ನದವರು, ಚರ್ಮದ ಜಾಕೆಟ್ ತೊಟ್ಟವರು ಏಳು ನಿಮಿಷ ಹಾಡಿದರೆ ಏಕೆ ಹಾಗೆನ್ನುತ್ತಾರೆ? ರಾಕ್ ತನ್ನನ್ನು ‘ನಟನೆಯಿಲ್ಲದ’ ಸಂಗೀತ ಎಂದು ಬಿಂಬಿಸಿಕೊಂಡಿತ್ತು. ಬ್ಲೂಸ್‌ನ ಒರಟುತನ, ಬೆವರು, ಕಡಿಮೆ ಮಾತು ಅದರ ಮಾನದಂಡಗಳು. ಅಳುವುದು, ಬೇಡುವುದು, ಅದೂ ಹೆಚ್ಚಾಗಿ ಹುಡುಗಿಯರೇ ಕೊಳ್ಳುವ ಹಾಡಿನಲ್ಲಿ, ಆ ಮಾನದಂಡಕ್ಕೆ ಹೊಂದಲಿಲ್ಲ. ತಕರಾರಿನ ಒಂದು ಪಾಲು ಹಾಡಿನ ಮೇಲಲ್ಲ, ಕೇಳುಗರ ಮೇಲೆ ಎಂಬುದನ್ನು ಮರೆಯುವಂತಿಲ್ಲ.

ಒಳಗಿನ ಕಟ್ಟಡ

ಇನ್ನು ಹಾಡನ್ನು ಬಿಚ್ಚಿ ನೋಡೋಣ. ಪವರ್ ಬ್ಯಾಲಡ್‌ನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 80 ಬೀಟ್. 70 ಎಂದಿಟ್ಟುಕೊಂಡರೆ ಒಂದು ಬೀಟ್‌ಗೆ 0.86 ಸೆಕೆಂಡ್. ಸ್ನೇರ್ ಡ್ರಮ್ (ಡ್ರಮ್ಸ್‌ನಲ್ಲಿ ಚಟ್ಟೆನ್ನುವ ಮುಖ್ಯ ಡ್ರಮ್) ಬೀಳುವುದು ಎರಡನೇ ಮತ್ತು ನಾಲ್ಕನೇ ಬೀಟ್‌ಗೆ, ಎಂದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 1.7 ಸೆಕೆಂಡ್ ಖಾಲಿ. ಸಣ್ಣ ಕೋಣೆಯಲ್ಲಿ ಬಾರಿಸಿದ ಒಣ ಸ್ನೇರ್ ಆ ಖಾಲಿಯಲ್ಲಿ ಬಡಕಲಾಗಿ ಕೇಳುತ್ತದೆ. ದೊಡ್ಡ ಸಭಾಂಗಣದ ಎರಡು ಸೆಕೆಂಡಿನ ಅನುರಣನ (ರಿವರ್ಬ್, ಗೋಡೆಗಳಿಗೆ ಬಡಿದು ಉಳಿಯುವ ಮೊಳಗು) ಸೇರಿಸಿದರೆ ಖಾಲಿಯೇನೋ ತುಂಬುತ್ತದೆ, ಆದರೆ ಅದರ ಬಾಲ ಗಾಯಕರ ಸಾಲಿನ ಮೇಲೆಲ್ಲ ಚೆಲ್ಲಿ ಪದಗಳು ಕಲಸಿಹೋಗುತ್ತವೆ.

ಇದಕ್ಕೆ ಸಿಕ್ಕ ಪರಿಹಾರ ಗೇಟೆಡ್ ರಿವರ್ಬ್. 1979ರಲ್ಲಿ ಲಂಡನ್‌ನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಂ ಮುದ್ರಣವಾಗುತ್ತಿತ್ತು. ಡ್ರಮ್ಸ್‌ನಲ್ಲಿ ಫಿಲ್ ಕಾಲಿನ್ಸ್, ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್. ವಾದಕರ ಮಾತು ಕೇಳಿಸಿಕೊಳ್ಳಲೆಂದು ಕೋಣೆಗೆ ಹಾಕಿದ್ದ ಮೈಕು ಕನ್ಸೋಲಿನ ಬಿಗಿಯಾದ ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸಿ ಮೆಲುಸದ್ದನ್ನು ಎತ್ತುವ ಸಾಧನ) ಮೂಲಕ ಡ್ರಮ್ಸನ್ನು ಹಿಡಿದಾಗ ದೈತ್ಯ ಸದ್ದು ಹುಟ್ಟಿತು. ವಿಧಾನ ಸರಳ: ಕೋಣೆಯ ಮೈಕನ್ನು ಗಟ್ಟಿಯಾಗಿ ಕಂಪ್ರೆಸ್ ಮಾಡಿ ಅನುರಣನವನ್ನು ಉಬ್ಬಿಸುವುದು, ನಂತರ ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ ಇಳಿದರೆ ಮುಚ್ಚಿಕೊಳ್ಳುವ ಸಾಧನ) ಇಟ್ಟು ಅರ್ಧ ಸೆಕೆಂಡಿಗೂ ಮೊದಲೇ ಅದನ್ನು ಕತ್ತರಿಸುವುದು. ಹೊಡೆತ ಸ್ಫೋಟಿಸಿ ತಟ್ಟನೆ ನಿಲ್ಲುತ್ತದೆ, ಹಾಡಿಗೆ ಜಾಗ ಉಳಿಯುತ್ತದೆ. ಎಡವಟ್ಟಾಗುವುದೂ ಇಲ್ಲೇ. ಗೇಟ್ ತೆರೆಯುವ ಮಟ್ಟವನ್ನು ತೀರಾ ಕೆಳಗಿಟ್ಟರೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ತಟ್ಟಿದಾಗಲೂ ಅದು ಬಾಯಿ ತೆರೆದು ಮುಚ್ಚಿ ಕಿರಿಕಿರಿ ಮಾಡುತ್ತದೆ. ತೀರಾ ಮೇಲಿಟ್ಟರೆ ಮೆಲುವಾದ ಹೊಡೆತಗಳು ಮಾಯ. ತೆರೆದಿರುವ ಅವಧಿಯನ್ನು ವೇಗಕ್ಕೆ ಹೊಂದಿಸದಿದ್ದರೆ ಸ್ನೇರ್ ತಾಳಕ್ಕಿಂತ ಹಿಂದೆ ಬಿದ್ದಂತೆ ಕೇಳುತ್ತದೆ. ಎಂಬತ್ತರ ದಶಕದ ಹಾಡು ಎಂದು ಮೂರು ಸೆಕೆಂಡಿನಲ್ಲಿ ಗುರುತು ಸಿಗುವುದು ಈ ಸದ್ದಿನಿಂದ. ಇವತ್ತು ‘ಚೀಸಿ’ (ಅಗ್ಗದ ಭಾವುಕತೆ) ಎಂದು ನಗುವವರಲ್ಲಿ ಅನೇಕರು ನಗುತ್ತಿರುವುದು ಭಾವಕ್ಕಲ್ಲ, ಈ ಸ್ನೇರ್‌ಗೆ ಮತ್ತು 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಕೀಬೋರ್ಡಿನ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೊಗೆ.

ಗಿಟಾರಿನಲ್ಲಿ ಇನ್ನೂ ಸೂಕ್ಷ್ಮವಾದ ಲೆಕ್ಕವಿದೆ. ಮೆಲುಭಾಗದಲ್ಲಿ ಕಾರ್ಡ್‌ನ (ಸ್ವರಗುಚ್ಛದ) ಮೂರೂ ಸ್ವರಗಳನ್ನು ಬಿಡಿಬಿಡಿಯಾಗಿ ಮೀಟುತ್ತಾರೆ. ಅದು ಮೇಜರ್ರೋ (ಸುಖದ ಛಾಯೆ) ಮೈನರ್ರೋ (ದುಃಖದ ಛಾಯೆ) ಎಂದು ಹೇಳುವ ನಡುವಿನ ಸ್ವರ ಅಲ್ಲಿ ಸ್ಪಷ್ಟ. ಅಬ್ಬರದ ಭಾಗದಲ್ಲಿ ಅದೇ ನಡುವಿನ ಸ್ವರವನ್ನು ಬಿಟ್ಟುಬಿಡುತ್ತಾರೆ. ಡಿಸ್ಟಾರ್ಶನ್ (ಗಿಟಾರಿನ ಸದ್ದನ್ನು ಒರಟಾಗಿಸುವ ಪರಿಣಾಮ) ಹಾಕಿದಾಗ ಅದು ಉಳಿದ ಸ್ವರಗಳ ಜತೆ ತಿಕ್ಕಾಡಿ ಹೊಸ ಅಪಸ್ವರಗಳನ್ನು ಹುಟ್ಟಿಸಿ ಇಡೀ ಕಾರ್ಡನ್ನು ಕೆಸರು ಮಾಡುತ್ತದೆ. ಮೂಲ ಸ್ವರ ಮತ್ತು ಪಂಚಮ ಮಾತ್ರ ಉಳಿದರೆ ಸದ್ದು ಶುದ್ಧ, ಆದರೆ ಸುಖವೂ ಇಲ್ಲ ದುಃಖವೂ ಇಲ್ಲ. ಆಗ ಆ ಕೊರತೆಯನ್ನು ತುಂಬುವ ಹೊಣೆ ಹೆಚ್ಚಾಗಿ ಕಂಠದ್ದು. ಗಿಟಾರು ಜೋರಾದಷ್ಟೂ ಭಾವದ ಭಾರ ಗಾಯಕರ ಮೇಲೆ ಬೀಳುತ್ತದೆ. ಇದನ್ನು ಬಲ್ಲ ತಂಡಗಳು ಹಿನ್ನೆಲೆ ದನಿಗಳನ್ನೂ ಮೂರು ಸ್ವರಗಳಲ್ಲಿ, ಒಂದೊಂದನ್ನೂ ಎರಡು ಮೂರು ಸಲ ಹಾಡಿ, ಪದರ ಪದರವಾಗಿ ಜೋಡಿಸುತ್ತವೆ.

ಕಂಠದ ಲೆಕ್ಕವೂ ಅಷ್ಟೇ ನಿಖರ. ಎತ್ತರದ ದನಿಯ ಗಂಡು ಗಾಯಕರಲ್ಲಿ ಪಿಯಾನೊದ ನಡುವಿನ ‘ಸಿ’ಯ ಮೇಲೆ ‘ಇ’ಯಿಂದ ‘ಜಿ’ವರೆಗೆ ದನಿ ಒಂದು ಬಗೆಯಿಂದ ಇನ್ನೊಂದಕ್ಕೆ ಹೊರಳುವ ವಲಯವಿದೆ. ಪಲ್ಲವಿಯ ತುದಿ ಅದಕ್ಕೂ ತುಸು ಮೇಲೆ, ‘ಎ’ ಅಥವಾ ‘ಬಿ’ಯ ಹತ್ತಿರ ಬೀಳುವಂತೆ ಶ್ರುತಿ ಆರಿಸುತ್ತಾರೆ. ಅಲ್ಲಿ ದನಿ ಬಿಗಿಯುತ್ತದೆ, ಅಂಚು ಹರಿಯುತ್ತದೆ. ನಮ್ಮ ಕಿವಿ ‘ಪ್ರಾಮಾಣಿಕತೆ’ ಎಂದು ಓದುವುದು ಈ ದೈಹಿಕ ಪ್ರಯಾಸವನ್ನು. ಅದು ಲೆಕ್ಕ ಹಾಕಿ ಇಟ್ಟದ್ದು ನಿಜ, ಆದರೆ ಹಾಡುವಾಗಿನ ಪ್ರಯಾಸ ನಟನೆಯಲ್ಲ. ತುದಿಯ ಸ್ವರಕ್ಕೆ ‘ಆ’, ‘ಓ’ದಂಥ ತೆರೆದ ಸ್ವರಾಕ್ಷರವಿರುವ ಪದ ಬೇಕು. ಅಲ್ಲಿ ‘ಈ’ ಬಂದರೆ ಗಂಟಲು ಕಿರಿದಾಗಿ ಕಿರುಚಿದಂತಾಗುತ್ತದೆ. ಸಾಹಿತ್ಯ ಬಡವಾಗಿದೆ ಎಂಬ ದೂರಿನ ಅರ್ಧಕ್ಕೆ ಇದೇ ಕಾರಣ. ಪದವನ್ನು ಆರಿಸಿದ್ದು ಅರ್ಥವಲ್ಲ, ಬಾಯಿಯ ಆಕಾರ.

ಇಷ್ಟೆಲ್ಲ ಇದ್ದೂ ಕೆಲವು ಹಾಡುಗಳು ನಾಟುತ್ತವೆ, ಕೆಲವು ನಗೆಪಾಟಲಾಗುತ್ತವೆ. ವ್ಯತ್ಯಾಸವಿರುವುದು ಯಾವುದನ್ನು ಎಷ್ಟು ಹೊತ್ತು ತಡೆಹಿಡಿದರು ಎಂಬುದರಲ್ಲಿ. ಚೆನ್ನಾಗಿ ಕಟ್ಟಿದ ಹಾಡು ಒಂದು ಸಲಕ್ಕೆ ಒಂದೇ ಮೆಟ್ಟಿಲು ಹತ್ತುತ್ತದೆ. ಎರಡನೇ ಚರಣಕ್ಕೆ ಬೇಸ್, ಪಲ್ಲವಿಗೆ ಡ್ರಮ್ಸ್, ಎರಡನೇ ಪಲ್ಲವಿಗೆ ಹಿನ್ನೆಲೆ ದನಿಗಳು, ಸೋಲೊ ಮುಗಿದ ಮೇಲೆ ಒಂದು ಕ್ಷಣ ಎಲ್ಲವೂ ನಿಂತು, ಕೊನೆಗೆ ಅರ್ಧ ಸ್ವರವೋ ಒಂದು ಸ್ವರವೋ ಶ್ರುತಿಯ ಏರಿಕೆ. ಅವಸರದ ಹಾಡು ಮೊದಲ ಪಲ್ಲವಿಯಲ್ಲೇ ಇದ್ದಬದ್ದದ್ದನ್ನೆಲ್ಲ ಸುರಿದುಬಿಡುತ್ತದೆ. ಆಮೇಲೆ ಹೋಗಲು ಜಾಗವಿಲ್ಲ. ಅಂಥ ಕಡೆ ಶ್ರುತಿ ಏರಿಸಿದರೆ ಹರಿದ ಬಟ್ಟೆಗೆ ಹಾಕಿದ ತೇಪೆಯಂತೆ ಎದ್ದು ಕಾಣುತ್ತದೆ.

ಇಲ್ಲಿ ರೇಡಿಯೊದ ಪಾತ್ರವೂ ಇದೆ. ಪ್ರಸಾರಕ್ಕೆ ಮುನ್ನ ನಿಲಯಗಳು ಸದ್ದನ್ನು ಕಂಪ್ರೆಸ್ ಮಾಡುತ್ತಿದ್ದರಿಂದ ಮೆಲುಭಾಗ ಮೇಲೆದ್ದು, ಜೋರುಭಾಗ ಕುಗ್ಗಿ, ಏರಿಕೆ ಅರ್ಧಕ್ಕಿಳಿಯುತ್ತಿತ್ತು. ಅವಧಿಗೂ ಕತ್ತರಿ ಬೀಳುತ್ತಿತ್ತು. ‘ಟೋಟಲ್ ಎಕ್ಲಿಪ್ಸ್’ನ ಆಲ್ಬಂ ರೂಪ ಏಳು ನಿಮಿಷದ ಹತ್ತಿರ, ಸಿಂಗಲ್ (ಬಿಡಿಯಾಗಿ ಬಿಡುಗಡೆಯಾದ) ರೂಪ ನಾಲ್ಕೂವರೆ. ಕತ್ತರಿ ಬೀಳುವುದು ಯಾವಾಗಲೂ ಮೆಟ್ಟಿಲುಗಳಿಗೆ, ಶಿಖರಕ್ಕಲ್ಲ. ಬಹಳ ಜನ ಕೇಳಿ ‘ಸಿಕ್ಕಾಪಟ್ಟೆ ಓವರ್’ ಎಂದದ್ದು ಮೆಟ್ಟಿಲಿಲ್ಲದ ಶಿಖರವನ್ನು.

ಕಡ್ಡಾಯವಾದ ಕಣ್ಣೀರು

1985ರಲ್ಲಿ ಮಾಟ್ಲಿ ಕ್ರೂ ತಂಡದ ‘ಹೋಮ್ ಸ್ವೀಟ್ ಹೋಮ್’ ಅಮೆರಿಕದ ಪಟ್ಟಿಯಲ್ಲಿ 89ನೇ ಸ್ಥಾನದಾಚೆ ಏರಲಿಲ್ಲ. ಆದರೆ ಎಂಟಿವಿ ವೀಕ್ಷಕರು ಅದರ ವಿಡಿಯೊವನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಗಡುಸು ರಾಕ್ ನುಡಿಸದ ನಿಲಯಗಳೂ ಮೆಲುಹಾಡನ್ನು ನುಡಿಸುತ್ತವೆ, ಆಮೇಲೆ ಜನ ಇಡೀ ಆಲ್ಬಂ ಕೊಳ್ಳುತ್ತಾರೆ ಎಂಬುದು ವ್ಯಾಪಾರದ ದೃಷ್ಟಿಯಿಂದ ಸರಿಯಾದ ಲೆಕ್ಕವೇ. ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಮೊದಲು ಒಂದೆರಡು ಗಡುಸು ಹಾಡು, ನಂತರ ಬ್ಯಾಲಡ್. ಪಾಯ್ಸನ್ ತಂಡ 1988ರಲ್ಲಿ ಆಲ್ಬಮ್ಮಿನ ಮೂರನೇ ಸಿಂಗಲ್ ಆಗಿ ‘ಎವ್ರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್’ ತಂದು ಮೊದಲ ಸ್ಥಾನ ಪಡೆಯಿತು. ವಾರಂಟ್ ತಂಡ 1989ರಲ್ಲಿ ‘ಹೆವನ್’ನೊಂದಿಗೆ ಎರಡನೇ ಸ್ಥಾನ ಮುಟ್ಟಿತು. ಸ್ಕಿಡ್ ರೋ ಕೂಡ ಇದೇ ಜಾಡಿನಲ್ಲಿ ಬಂತು. ಪ್ರತಿ ಆಲ್ಬಮ್ಮಿಗೂ ಒಂದು ಅಳು ಕಡ್ಡಾಯವಾದಾಗ ಅಳುವಿನ ಬೆಲೆ ಇಳಿಯದೇ ಇರುವುದಿಲ್ಲ. ಒಂದೊಂದಾಗಿ ಕೇಳಿದರೆ ಅನೇಕ ಹಾಡುಗಳು ಚೆನ್ನಾಗಿಯೇ ಇವೆ, ಸಾಲಾಗಿ ಕೇಳಿದಾಗ ಅಚ್ಚು ಕಾಣುತ್ತದೆ.

ಹಾಗಂತ ಬೇರೆಯವರು ಬರೆದುಕೊಟ್ಟ ಹಾಡೆಲ್ಲ ಪೊಳ್ಳು ಎನ್ನಲಾಗದು. ಬಿಲ್ಲಿ ಸ್ಟೈನ್‌ಬರ್ಗ್ ಮತ್ತು ಟಾಮ್ ಕೆಲ್ಲಿ ‘ಅಲೋನ್’ ಬರೆದು, ಐ-ಟೆನ್ ಹೆಸರಿನಲ್ಲಿ 1983ರಲ್ಲಿ ತಾವೇ ಹಾಡಿದ್ದರು. ಯಾರೂ ಕಿವಿಗೊಡಲಿಲ್ಲ. 1987ರಲ್ಲಿ ಹಾರ್ಟ್ ತಂಡದ ಆ್ಯನ್ ವಿಲ್ಸನ್ ಅದನ್ನು ಹಾಡಿದಾಗ ಮೂರು ವಾರ ಮೊದಲ ಸ್ಥಾನ. ಬರೆದವರ ಕಂಠದಲ್ಲಿ ಸಿಗದ ಸತ್ಯ ಎರವಲು ಪಡೆದವರ ಕಂಠದಲ್ಲಿ ಸಿಕ್ಕಿತು. ಇನ್ನು ಸ್ಕಾರ್ಪಿಯನ್ಸ್ ತಂಡದ ‘ವಿಂಡ್ ಆಫ್ ಚೇಂಜ್’ 1989ರ ಮಾಸ್ಕೊ ಸಂಗೀತೋತ್ಸವದ ಅನುಭವದಿಂದ ಹುಟ್ಟಿ, ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ ದಿನಗಳ ಹಾಡಾಯಿತು. ಆರಂಭದ ಸಿಳ್ಳೆಯನ್ನು ಗೇಲಿ ಮಾಡುವುದು ಸುಲಭ, ಆ ಸಿಳ್ಳೆಯ ಜತೆ ಆ ಕಾಲವನ್ನೇ ನೆನೆಯುವವರು ಈಗಲೂ ಇದ್ದಾರೆ.

1992ರ ಜನವರಿಯಲ್ಲಿ ನಿರ್ವಾಣ ಎಂಬ ಗ್ರಂಜ್ (ಒರಟು ಸದ್ದಿನ ರಾಕ್) ತಂಡದ ‘ನೆವರ್‌ಮೈಂಡ್’ ಆಲ್ಬಂ ಪಟ್ಟಿಯ ತುದಿಗೇರಿದ ದಿನವೇ ಪವರ್ ಬ್ಯಾಲಡ್ ಸತ್ತಿತು ಎಂಬುದು ಚಾಲ್ತಿಯಲ್ಲಿರುವ ಕಥೆ. ದಿನಾಂಕಗಳು ಒಪ್ಪುವುದಿಲ್ಲ. ಗನ್ಸ್ ಎನ್ ರೋಸಸ್ ತಂಡದ ಹೆಚ್ಚುಕಮ್ಮಿ ಒಂಬತ್ತು ನಿಮಿಷದ ‘ನವೆಂಬರ್ ರೇನ್’ ಮೂರನೇ ಸ್ಥಾನ ಮುಟ್ಟಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮೀಟ್ ಲೋಫ್‌ಗೆ ಸ್ಟೈನ್‌ಮನ್ ಬರೆದ ಹನ್ನೆರಡು ನಿಮಿಷದ ಹಾಡು 1993ರಲ್ಲಿ ಹಲವು ದೇಶಗಳಲ್ಲಿ ಮೊದಲ ಸ್ಥಾನ ಪಡೆಯಿತು. ಗ್ರಂಜ್ ತಂಡಗಳು ಕೂಡ ಮೆಲುಚರಣ, ಅಬ್ಬರದ ಪಲ್ಲವಿ ಎಂಬ ಸೂತ್ರವನ್ನೇ ಇಟ್ಟುಕೊಂಡವು, ನಡುವಿನ ಮೆಟ್ಟಿಲುಗಳನ್ನು ಮಾತ್ರ ತೆಗೆದುಹಾಕಿದವು. ಬದಲಾದದ್ದು ಮುಖಭಾವ. ಬೇಡುವ ಗಾಯಕನ ಜಾಗದಲ್ಲಿ ಬೇಸತ್ತ ಗಾಯಕ ನಿಂತ. ಪವರ್ ಬ್ಯಾಲಡ್ ಪಾಪ್ ಕಡೆ ಹೊರಳಿತು. 1996ರಲ್ಲಿ ಸ್ಟೈನ್‌ಮನ್ ಹಾಡು ಸೆಲಿನ್ ಡಿಯಾನ್ ಕಂಠದಲ್ಲಿ ಬಂತು. 1998ರಲ್ಲಿ ಡಯಾನ್ ವಾರೆನ್ ಬರೆದ ಚಿತ್ರಗೀತೆಯೊಂದು ಏರೋಸ್ಮಿತ್‌ಗೆ ಅಮೆರಿಕದಲ್ಲಿ ಮೊದಲ ಬಾರಿಗೆ ಮೊದಲ ಸ್ಥಾನ ತಂದಿತು.

ಮರುಮೌಲ್ಯಮಾಪನ ನಡೆದದ್ದು 2000ದ ನಂತರ. 2004ರಲ್ಲಿ ವಿಮರ್ಶಕ ಕೆಲೆಫಾ ಸಾನೆ ರಾಕ್ ಕೇಂದ್ರಿತ ವಿಮರ್ಶೆಯ ಪೂರ್ವಗ್ರಹಗಳ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದರು. 2007ರಲ್ಲಿ ವಿಮರ್ಶಕ ಕಾರ್ಲ್ ವಿಲ್ಸನ್, ತಮಗೆ ಹಿಡಿಸದ ಸೆಲಿನ್ ಡಿಯಾನ್ ಆಲ್ಬಮ್ಮನ್ನೇ ಎತ್ತಿಕೊಂಡು ಅಭಿರುಚಿ ಎಂದರೇನು ಎಂದು ಇಡೀ ಪುಸ್ತಕ ಬರೆದರು. ಅಲ್ಲಿಂದೀಚೆಗೆ ಬಹಿರಂಗವಾಗಿ ಮೆಚ್ಚುವುದು ಸುಲಭವಾಗಿದೆ. ಆದರೆ ‘ಇದು ಎಷ್ಟು ಕೆಟ್ಟದೆಂದರೆ ಅದಕ್ಕೇ ಚೆಂದ’ ಎಂಬ ಕಣ್ಣುಮಿಟುಕಿಸುವ ಮೆಚ್ಚುಗೆ ಹಳೆಯ ತಿರಸ್ಕಾರಕ್ಕಿಂತ ಹೆಚ್ಚು ಗೌರವದ್ದೇನಲ್ಲ. ನಗುತ್ತ ಕೇಳುವವರ ಕಿವಿಗೆ ಮೆಟ್ಟಿಲುಗಳು ಬೀಳುವುದೇ ಇಲ್ಲ.

ಕೇಳುವ ಸಾಧನ ಒಂದು ಕಡೆ ಕೆಡಿಸಿ ಇನ್ನೊಂದು ಕಡೆ ಸರಿಪಡಿಸಿದೆ. ತೊಂಬತ್ತರ ದಶಕದ ಕೊನೆಯಿಂದ ಬಂದ ಅನೇಕ ಮರುಮಾಸ್ಟರಿಂಗ್‌ಗಳು (ಹಳೆಯ ಧ್ವನಿಮುದ್ರಣವನ್ನು ಮತ್ತೆ ಹದಗೊಳಿಸಿದ ಆವೃತ್ತಿಗಳು) ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಿ ಏರಿಳಿತವನ್ನು ಸಪಾಟು ಮಾಡಿದವು. ಸ್ಟ್ರೀಮಿಂಗ್ ಸೇವೆಗಳ ಸದ್ದು-ಹೊಂದಾಣಿಕೆ ಸಾಮಾನ್ಯವಾಗಿ ಇಡೀ ಹಾಡಿಗೆ ಒಂದೇ ಪ್ರಮಾಣದಲ್ಲಿ ಅನ್ವಯವಾಗುವುದರಿಂದ ಒಳಗಿನ ಏರಿಳಿತವನ್ನು ಮುಟ್ಟುವುದಿಲ್ಲ. ಕೇಳಬೇಕೆಂದರೆ ಹಳೆಯ ಮಾಸ್ಟರಿಂಗ್, ಪೂರ್ಣ ಆಲ್ಬಂ ರೂಪವನ್ನೇ ಹುಡುಕಬೇಕು.

ವೇದಿಕೆಯ ತೊಡಕು ಬೇರೆ. ವಯಸ್ಸಾದ ಗಾಯಕರಿಗಾಗಿ ತಂಡಗಳು ಶ್ರುತಿಯನ್ನು ಅರ್ಧ ಸ್ವರವೋ ಒಂದು ಸ್ವರವೋ ಇಳಿಸುತ್ತವೆ. ಗಿಟಾರಿನ ತಂತಿ ಸಡಿಲವಾಗುವುದರಿಂದ ಒಂದಳತೆ ದಪ್ಪ ತಂತಿ ಹಾಕಿ ಇಂಟೋನೇಶನ್ (ಗಿಟಾರಿನ ಎಲ್ಲ ಮನೆಗಳಲ್ಲೂ ಶ್ರುತಿ ಸರಿಯಾಗಿರುವುದು) ಮತ್ತೆ ಹೊಂದಿಸಬೇಕು. ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಸಾಕು. ಆದರೆ ಇಂಥ ಹಾಡುಗಳ ಹರವು ಒಂದೂವರೆ ಸ್ಥಾಯಿಯನ್ನೂ ದಾಟುವುದುಂಟು. ಪಲ್ಲವಿಯ ತುದಿ ಕೈಗೆಟುಕುವಂತೆ ಇಳಿಸಿದರೆ ಮೊದಲ ಚರಣ ಎದೆಯ ತಳಕ್ಕಿಳಿದು ಬರೀ ಗೊಣಗಾಟವಾಗುತ್ತದೆ. ಪಿಸುಮಾತನ್ನು ಉಳಿಸಿದರೆ ಕೂಗು ಸಿಗದು. ಬಹಳಷ್ಟು ತಂಡಗಳು ಪಿಸುಮಾತನ್ನು ಉಳಿಸಿಕೊಂಡು, ಕೊನೆಯ ಪಲ್ಲವಿಯ ತುದಿಗೆ ಮೈಕನ್ನು ಪ್ರೇಕ್ಷಕರ ಕಡೆ ತಿರುಗಿಸುತ್ತವೆ.