ಶುಗರ್ ಇರುವವರು ತಪಾಸಣೆಗೆ ಯಾಕೆ ಬರುವುದಿಲ್ಲ?

ಸಕ್ಕರೆ ಕಾಯಿಲೆ ಇರುವವರು ತಪಾಸಣೆ ತಪ್ಪಿಸಿದರೆ ‘ಅಸಡ್ಡೆ’ ಎಂದುಬಿಡುತ್ತೇವೆ. ವೈದ್ಯನಾಗಿ ನಾನು ಇದನ್ನು ಒಪ್ಪುವುದಿಲ್ಲ. ಎಷ್ಟೋ ಜನರಿಗೆ ಬರುವ ಮನಸ್ಸಿರುತ್ತದೆ, ಬರಲು ಆಗುವುದಿಲ್ಲ.

ವರ್ಷದ ಲೆಕ್ಕ ನೋಡಿ. ಶುಗರ್ ಹತೋಟಿಯಲ್ಲಿದ್ದರೂ ಎಚ್‌ಬಿಎ1ಸಿ ಪರೀಕ್ಷೆ (ಹಿಂದಿನ 2-3 ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 2 ಸಲವಾದರೂ ಆಗಬೇಕು, ಇಲ್ಲದಿದ್ದರೆ 3 ತಿಂಗಳಿಗೊಮ್ಮೆ. ಜೊತೆಗೆ ಕಿಡ್ನಿಗೆಂದು ರಕ್ತ, ಮೂತ್ರ. ಆಮೇಲೆ ಪಾದ, ಕಣ್ಣು. ಒಂದೊಂದಕ್ಕೆ ಒಂದೊಂದು ದಿನ ಓಡಾಡಿದರೆ ಅಷ್ಟೂ ದಿನದ ದುಡಿಮೆ ಹೋಯಿತು. ಎಷ್ಟೋ ಮನೆಗಳಿಗೆ ಡಾಕ್ಟರ ಫೀಸಿಗಿಂತ ಇದೇ ಜಾಸ್ತಿ ಹೊರೆ.

ಕಣ್ಣಿನ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಪಾಪೆ ಹಿಗ್ಗಲು ಹನಿ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಂಜು ಮಂಜು. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಗಾಡಿ ಓಡಿಸುವಂತಿಲ್ಲ. ಅಂದರೆ ಜೊತೆಗೊಬ್ಬರು ಬರಬೇಕು, ಅವರೂ ರಜೆ ಹಾಕಬೇಕು. ಒಂಟಿಯಾಗಿರುವವರು ‘ಕಣ್ಣು ಚೆನ್ನಾಗೇ ಕಾಣ್ತಿದೆಯಲ್ಲ’ ಎಂದು ಮುಂದೂಡುತ್ತಾರೆ. ಕಣ್ಣಿನ ಹಿಂಭಾಗದ ಪರದೆಗೆ, ಅಂದರೆ ರೆಟಿನಾಕ್ಕೆ, ಆಗುವ ಹಾನಿ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ. ಹನಿ ಹಾಕದೆಯೇ ರೆಟಿನಾ ಫೋಟೊ ತೆಗೆಯುವ ಕ್ಯಾಮೆರಾಗಳೂ ಇವೆ. ಆ ಸೌಲಭ್ಯ ಇದೆಯಾ ಎಂದು ಕೇಳಿ.

ಇನ್ನೊಂದು ಅಡ್ಡಿ ಬೈಗುಳದ ಭಯ. ರಿಪೋರ್ಟನ್ನು ಮಡಚಿ ಕೈಯಲ್ಲೇ ಹಿಡಿದು, ಕೇಳುವವರೆಗೂ ಕೊಡದವರನ್ನು ನೋಡಿದ್ದೇನೆ. ‘ಇಷ್ಟು ಶುಗರ್ ಇಟ್ಕೊಂಡು ಏನ್ ಮಾಡ್ತಿದ್ರಿ?’ ಎಂದು ಒಮ್ಮೆ ಎಲ್ಲರೆದುರು ಕೇಳಿಸಿಕೊಂಡವರು ಮತ್ತೆ ಬರಲು ಹಿಂಜರಿಯುತ್ತಾರೆ. ಆ ಮಾತು ಚಿಕಿತ್ಸೆಯಲ್ಲ, ಅದನ್ನು ನಾವು ಬಿಡಲೇಬೇಕು.

ಈ ಭಯಕ್ಕೆ ದುಡ್ಡಿನ ಕಷ್ಟವೂ ಸೇರಿದರೆ ಅಪಾಯ. ಹೆಚ್ಚು ದಿನ ಬರಲಿ ಎಂದು ಕೆಲವರು ಇನ್ಸುಲಿನ್ ಅರ್ಧ ಮಾತ್ರ ತೆಗೆದುಕೊಳ್ಳುತ್ತಾರೆ. ಸಂಕೋಚಕ್ಕೆ ಹೇಳುವುದಿಲ್ಲ. ಶುಗರ್ ಇಳಿದಿಲ್ಲವೆಂದು ಡಾಕ್ಟರು ಡೋಸ್ ಏರಿಸುತ್ತಾರೆ. ಮುಂದೊಂದು ದಿನ ಬರೆದಷ್ಟನ್ನೂ ಚುಚ್ಚಿಕೊಂಡರೆ ಶುಗರ್ ಏಕಾಏಕಿ ಕುಸಿಯಬಹುದು: ಬೆವರು, ನಡುಕ, ಕೆಲವೊಮ್ಮೆ ಎಚ್ಚರವೇ ತಪ್ಪುತ್ತದೆ. ದಯವಿಟ್ಟು ‘ಇಷ್ಟೇ ತಗೊಳ್ತಿದ್ದೀನಿ, ಕೊಳ್ಳೋಕೆ ಆಗ್ತಿಲ್ಲ’ ಎಂದು ನೇರವಾಗಿ ಹೇಳಿ. ಕಡಿಮೆ ಬೆಲೆಯ ಹಳೆಯ ಬಗೆಯ ಇನ್ಸುಲಿನ್ ಹೊಂದುತ್ತದೆಯಾ ಎಂದು ಡಾಕ್ಟರು ನೋಡಬಹುದು. ಆದರೆ ನೀವಾಗಿಯೇ ಇನ್ಸುಲಿನ್ ಬದಲಿಸಬೇಡಿ.

ಹಸಿದ ಹೊಟ್ಟೆಯಲ್ಲಿ ಕಾಯಬೇಕಲ್ಲ ಎಂದು ಬರದವರೂ ಇದ್ದಾರೆ. ಎಚ್‌ಬಿಎ1ಸಿಗೆ ಉಪವಾಸ ಬೇಕಿಲ್ಲ, ಊಟ ಮಾಡಿಯೇ ಬನ್ನಿ. ಪಾದ ನೋಡಲು ಕೆಲವೇ ನಿಮಿಷ ಸಾಕು. ರಕ್ತ, ಮೂತ್ರ, ಪಾದ ಮೂರೂ ಒಂದೇ ದಿನ ಮುಗಿಯುತ್ತವೆಯಾ ಎಂದು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕೇಳಿಬಿಡಿ.